ಪಿಸ್ತೂಲಿನ ಹಿಡಿಯ ವಂಶಾವಳಿ

ದೀಪಾವಳಿ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಆರ್.ಟಿ. ನಗರದಿಂದ ಮಗಳ ಫೋನು. "ಅಪ್ಪಾ, ಪುಟ್ಟನ್ನ ಕರ್ಕೊಂಡು ಬರ್ತಿದೀವಿ. ಅವನ ಪಿಸ್ತೂಲಿನ ಹಿಡಿ ಮುರಿದುಹೋಗಿದೆ. ತಾತ ಸರಿಮಾಡಿಕೊಡ್ತಾರೆ ಅಂತ ರಾತ್ರಿಯಿಂದ ಒಂದೇ ಹಟ." ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು: "ಸರಿಮಾಡೋಕೆ ಮುಂಚೆ ಸ್ವಲ್ಪ ಬುದ್ಧಿ ಹೇಳಿ. ನಮ್ಮ ಮಾತು ಅವನ ಕಿವಿಗೆ ಹೋಗ್ತಿಲ್ಲ."

ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕ ಉಪನಗರದ ನಮ್ಮ ಮನೆ ಸೇರುವ ಹೊತ್ತಿಗೆ ಹನ್ನೊಂದಾಗಿತ್ತು. ಪುಟ್ಟ ಐದನೇ ತರಗತಿ. ಎರಡೂ ಅಂಗೈ ಮೇಲೆ ಪಿಸ್ತೂಲನ್ನು ಇಟ್ಟುಕೊಂಡು, ಗಾಯವಾದ ಹಕ್ಕಿಮರಿ ತಂದವನಂತೆ ಒಳಗೆ ಬಂದ. ಅಜ್ಜಿ ಕೊಟ್ಟ ಕೋಡುಬಳೆಯನ್ನೂ ಮುಟ್ಟಲಿಲ್ಲ.

ನಡೆದದ್ದು ಇಷ್ಟು. ಅವರ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಅಜ್ಜಿ ಬೆಳಗಿನ ಹಾಲು ತೆಗೆದುಕೊಂಡು ಲಿಫ್ಟಿನಿಂದ ಹೊರಗೆ ಬಂದಿದ್ದಾರೆ. ಇವನು ಗೋಡೆಯ ಮರೆಯಿಂದ ಹಾರಿ ಬಂದು, ನೇರ ಅವರ ಎದೆಗೆ ಗುರಿಯಿಟ್ಟು "ಹ್ಯಾಂಡ್ಸ್ ಅಪ್" ಎಂದಿದ್ದಾನೆ. ಅಜ್ಜಿ ಕೈಲಿದ್ದ ಹಾಲಿನ ಪ್ಯಾಕೆಟ್ಟು ಬಿಟ್ಟು, ಗೋಡೆ ಹಿಡಿದು ಅಲ್ಲೇ ಕುಸಿದು ಕೂತರಂತೆ. ಕಳೆದ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ನನ್ನ ಅಳಿಯ ಓಡಿಬಂದು ಪಿಸ್ತೂಲು ಕಸಿದಾಗ ಅದು ಕೆಳಗೆ ಬಿದ್ದು ಹಿಡಿ ಸೀಳಿತು. ಪುಣ್ಯಕ್ಕೆ ಅಜ್ಜಿ ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡರು.

ನಾನು ಬುದ್ಧಿಮಾತು ಶುರುಮಾಡಲಿಲ್ಲ. ಎಪ್ಪತ್ತನಾಲ್ಕು ವರ್ಷದಲ್ಲಿ ಕಲಿತದ್ದು ಏನೆಂದರೆ, ಬುದ್ಧಿಮಾತಿಗೆ ಕಾದು ಕೂತ ಹುಡುಗನ ಕಿವಿ ಮುಚ್ಚಿರುತ್ತದೆ. ಪಿಸ್ತೂಲನ್ನು ಕೈಗೆ ತೆಗೆದುಕೊಂಡೆ. ತಗಡಿನ ಮೈ, ಕಪ್ಪು ಬಣ್ಣ, ಒಳಗೆ ಕೆಂಪು ಕಾಗದದ ಸುರುಳಿ ಪಟಾಕಿ ಹಾಕುವ ಜಾಗ. ದೂರದಿಂದ ನೋಡಿದರೆ ಆಟಿಕೆ ಎಂದು ಹೇಳುವ ಒಂದು ಗುರುತೂ ಇಲ್ಲ. ಸೀಳಿದ ಪ್ಲಾಸ್ಟಿಕ್ ಹಿಡಿಯನ್ನು ಬೆರಳಿನಿಂದ ಸವರಿದೆ. ಈ ಬಾಗು ನನಗೆ ಗೊತ್ತಿರುವ ಬಾಗು.

"ಪುಟ್ಟಾ, ಈ ಹಿಡಿಗೆ ಒಬ್ಬ ಅಪ್ಪ, ಒಬ್ಬ ತಾತ, ಒಬ್ಬ ಮುತ್ತಾತ ಇದಾರೆ, ಗೊತ್ತಾ?" ಎಂದೆ.

"ಹಿಡಿಗಾ?" ಎಂದ. ಕೋಡುಬಳೆಗೆ ಕೈ ಹೋಯಿತು. ಕಿವಿ ತೆರೆದುಕೊಂಡಿತು.

ಮೊದಲು ಈ ಆಟಿಕೆ ಯಾವ ಬಂದೂಕಿನ ನಕಲು ಎಂದು ಹೇಳಿಬಿಡುತ್ತೇನೆ. ಅಮೆರಿಕದ ಕೋಲ್ಟ್ ಕಂಪನಿ 1873ರಲ್ಲಿ ಅಲ್ಲಿನ ಸೈನ್ಯಕ್ಕೆಂದು ಮಾಡಿದ ರಿವಾಲ್ವರಿನ ರೂಪ ಇದು. ನಡುವೆ ತಿರುಗುವ ಉರುಳೆ, ಅದರಲ್ಲಿ ಗುಂಡಿಗೆ ಆರು ಮನೆ. ಹಿಂದೆ ಸಣ್ಣ ಸುತ್ತಿಗೆಯಂಥ ಹ್ಯಾಮರ್. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಆ ಹ್ಯಾಮರನ್ನು ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಎಳೆದಾಗ ಉರುಳೆ ಒಂದು ಮನೆ ತಿರುಗುತ್ತದೆ. ಆಮೇಲೆ ಟ್ರಿಗರ್ ಒತ್ತಿದರೆ ಹ್ಯಾಮರ್ ಬಿಟ್ಟುಕೊಂಡು ಬಡಿಯುತ್ತದೆ. ಟ್ರಿಗರಿಗೆ ಇರುವುದು ಆ ಒಂದೇ ಕೆಲಸ. ಅದಕ್ಕೇ ಇದನ್ನು ಸಿಂಗಲ್ ಆಕ್ಷನ್ ಎನ್ನುತ್ತಾರೆ. ಟ್ರಿಗರ್ ಒತ್ತಿದರೆ ಎಳೆಯುವುದು, ಬಿಡುವುದು ಎರಡೂ ಆಗುವಂಥದ್ದು ಡಬಲ್ ಆಕ್ಷನ್.

ಇನ್ನು ಹಿಡಿಯ ವಿಷಯ. ನೋಡುವವರಿಗೆ ಹಿಡಿ ಎಂದರೆ ಮರ. ಆದರೆ ಮರದ ಒಳಗೆ ಒಂದು ಲೋಹದ ಚೌಕಟ್ಟು ಇರುತ್ತದೆ. ಕೋಲ್ಟಿನದರಲ್ಲಿ ಅದು ಎರಡು ತುಂಡು. ಒಂದು ಬೆನ್ನಿನ ಪಟ್ಟಿ, ಇನ್ನೊಂದು ಟ್ರಿಗರಿನ ಸುತ್ತ ಬಳೆಯಂತೆ ಬಳಸಿ ಹಿಡಿಯ ಮುಂಭಾಗಕ್ಕೆ ಇಳಿಯುವ ತುಂಡು. ಆರು ತಿರುಪು ಬಿಚ್ಚಿದರೆ ಎರಡೂ ಕಳಚಿ ಬರುತ್ತವೆ. ಈ ಎರಡರ ನಡುವೆ ಮರ ಕೂರಬೇಕು. ಕೈಗೆ ಸಿಗುವ ಆಕಾರ ತೀರ್ಮಾನವಾಗುವುದು ಮರದಿಂದಲ್ಲ, ಈ ಚೌಕಟ್ಟಿನಿಂದ.

ಈಗ ವಂಶಾವಳಿಗೆ ಬರೋಣ. ಮುತ್ತಾತನ ಕತೆ ನಮ್ಮ ದೇಶದ ಕಡೆಗೆ ಹೊರಟ ಒಂದು ಹಡಗಿನಲ್ಲಿ ಶುರುವಾಗುತ್ತದೆ.

ಸ್ಯಾಮುಯಲ್ ಕೋಲ್ಟ್ ಹುಟ್ಟಿದ್ದು 1814ರಲ್ಲಿ. ಹದಿನಾರು ವರ್ಷದ ಹುಡುಗನಾಗಿದ್ದಾಗ, 1830ರಲ್ಲಿ, ಬಾಸ್ಟನ್ನಿನಿಂದ 'ಕಾರ್ವೋ' ಎಂಬ ಹಡಗು ಹತ್ತಿದ. ಆ ಹಡಗು ಹೊರಟಿದ್ದು ಕಲ್ಕತ್ತೆಗೆ! ತಿಂಗಳುಗಟ್ಟಲೆ ಪ್ರಯಾಣ. ಹಡಗಿನ ಚುಕ್ಕಾಣಿಯ ಚಕ್ರ ಎತ್ತ ತಿರುಗಿದರೂ ಅದರ ಒಂದೊಂದು ಕಡ್ಡಿ ನಿಗದಿಯಾದ ಜಾಗಕ್ಕೆ ಬಂದು ನಿಲ್ಲುವುದನ್ನು ನೋಡಿ, ಗುಂಡಿನ ಮನೆಗಳನ್ನೂ ಹೀಗೇ ತಿರುಗಿಸಿ ನಿಲ್ಲಿಸಬಹುದಲ್ಲ ಎಂದು ಹೊಳೆಯಿತಂತೆ. ಇದು ಮುಂದೆ ಕೋಲ್ಟನೇ ಹೇಳಿಕೊಂಡ ಕತೆ. ಹಡಗಿನಲ್ಲೇ ಚಾಕು ಹಿಡಿದು ಮರ ಕೆತ್ತಿ ಒಂದು ಮಾದರಿ ಮಾಡಿದ. ಅಂದರೆ ಲೋಕಪ್ರಸಿದ್ಧವಾದ ಆ ಉಕ್ಕಿನ ಪಿಸ್ತೂಲು ಮೊದಲು ಒಬ್ಬ ಹುಡುಗ ಕೆತ್ತಿದ ಮರದ ಪಿಸ್ತೂಲಾಗಿತ್ತು.

1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಕಂಪನಿ ಮುಳುಗಿತು. ಹಾರ್ಟ್‌ಫರ್ಡ್ ಎಂಬ ತನ್ನೂರಿನಲ್ಲಿ ಮತ್ತೆ ಕಟ್ಟಿದ ಕಾರ್ಖಾನೆ ಗೆದ್ದಿತು. 1851ರಲ್ಲಿ ಬಂದ ಒಂದು ಮಾದರಿಯ ಹಿಡಿ ಜನರ ಕೈಗೆ ಎಷ್ಟು ಒಗ್ಗಿತೆಂದರೆ, ಕೋಲ್ಟ್ 1862ರಲ್ಲಿ ತೀರಿಹೋದ ಮೇಲೂ, 1873ರ ಹೊಸ ರಿವಾಲ್ವರಿಗೆ ಆ ಹಳೆಯ ಹಿಡಿಯ ಆಕಾರವನ್ನೇ ಇಟ್ಟರು. ಉಳಿದದ್ದೆಲ್ಲ ಬದಲಾಯಿತು, ಹಿಡಿ ಮಾತ್ರ ಉಳಿಯಿತು.

ಆ ಹಿಡಿಗೆ ಇಂಗ್ಲಿಷ್ ಮಾತಾಡುವವರು ಇಟ್ಟ ಅಡ್ಡಹೆಸರು ಏನು ಗೊತ್ತೇ? ನೇಗಿಲ ಹಿಡಿ. ಇದನ್ನು ಮೊದಲು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನನ್ನ ತಂದೆ ರಾಜಾನುಕುಂಟೆ ಕಡೆಯ ಹಳ್ಳಿಯವರು. ಎರಡು ಎಕರೆ ಹೊಲ, ರಾಗಿ, ಅವರೆ. ನಾನು ಬಿ.ಕಾಂ. ಓದಿ ಬ್ಯಾಂಕು ಸೇರುವ ತನಕ ರಜೆಯಲ್ಲೆಲ್ಲ ಅವರ ಹಿಂದೆ ಹೊಲದಲ್ಲಿರುತ್ತಿದ್ದೆ. ಒಂದು ದಿನ ನೇಗಿಲು ನನ್ನ ಕೈಗೆ ಕೊಟ್ಟರು. ನಾನು ಮೇಳಿಯನ್ನು, ಅಂದರೆ ನೇಗಿಲಿನ ಹಿಡಿಯನ್ನು, ಬಲವಾಗಿ ಅಮುಕಿ ಹಿಡಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗುಳ ಒಂದು ಕಲ್ಲಿಗೆ ತಗುಲಿ, ಆ ಪೆಟ್ಟು ನೇರ ಮಣಿಕಟ್ಟಿಗೆ ಬಂತು. ಕಣ್ಣಲ್ಲಿ ನೀರು. ತಂದೆ ನಕ್ಕು, "ಮೇಳೀನ ಹಿಸುಕಬಾರದು ಮಗಾ. ಅಂಗೈಯಲ್ಲಿ ಅದು ಹೊರಳಾಡಲಿ. ಕಲ್ಲು ಸಿಕ್ಕಿದ್ರೆ ಅದೇ ಹೊರಳಿ ಪೆಟ್ಟು ನುಂಗ್ಕೊಳ್ಳುತ್ತೆ" ಎಂದರು. ಆ ಮೇಳಿಯ ತುದಿ ಅವರ ಅಂಗೈಯಲ್ಲಿ ಸವೆದು ಸವೆದು, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

ಕೋಲ್ಟಿನ ಹಿಡಿಯ ಗುಟ್ಟೂ ಇದೇ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಬಾಗಿದ, ನುಣುಪಾದ ಆ ಹಿಡಿ ಅಂಗೈಯೊಳಗೆ ಸ್ವಲ್ಪ ಹೊರಳುತ್ತದೆ. ಮೂತಿ ಮೇಲೇಳುತ್ತದೆ. ಒದೆತದ ಬಹುಪಾಲು ಆ ಹೊರಳಾಟದಲ್ಲೇ ಕಳೆದುಹೋಗುತ್ತದೆ. ಜೊತೆಗೆ, ಹೊರಳಿದಾಗ ಹ್ಯಾಮರ್ ತಾನಾಗಿ ಹೆಬ್ಬೆರಳಿನ ಹತ್ತಿರಕ್ಕೆ ಬರುತ್ತದೆ. ಮತ್ತೆ ಎಳೆಯುವುದು ಸುಲಭ. ಹೊಲದಲ್ಲಿ ಅನ್ನ ಬೆಳೆಯುವ ಹಿಡಿಗೂ ಇದಕ್ಕೂ ಕೆಲಸದಲ್ಲಿ ಅಜಗಜಾಂತರ. ಆದರೆ ಕೈಯ ಲೆಕ್ಕ ಒಂದೇ.

"ಇವನು ಮುತ್ತಾತ. ತಾತ ಯಾರು?" ಪುಟ್ಟನ ಪ್ರಶ್ನೆ.

ತಾತ ಇಟಲಿಯವರು. ಅಲ್ಲಿನ ಉತ್ತರ ಭಾಗದಲ್ಲಿ, ಬ್ರೆಶಾ ಪಟ್ಟಣದ ಮೇಲಿನ ಕಣಿವೆಯಲ್ಲಿ, ಗಾರ್ದೋನೆ ವಾಲ್ ತ್ರೋಂಪಿಯಾ ಎಂಬ ಊರಿದೆ. ನಮ್ಮಲ್ಲಿ ಚನ್ನಪಟ್ಟಣ ಎಂದರೆ ಬೊಂಬೆ, ಇಳಕಲ್ ಎಂದರೆ ಸೀರೆ ಎನ್ನುವ ಹಾಗೆ ಆ ಊರೆಂದರೆ ಬಂದೂಕು. 1526ರಲ್ಲಿ ಅಲ್ಲಿನ ಬಾರ್ತೊಲೊಮಿಯೊ ಬೆರೆಟ್ಟಾ ಎಂಬ ಕುಶಲಕರ್ಮಿ ವೆನಿಸ್ ನಗರಕ್ಕೆ 185 ಬಂದೂಕಿನ ನಳಿಗೆ ಮಾರಿ 296 ಡಕಟ್ ನಾಣ್ಯ ಪಡೆದ ಲೆಕ್ಕದ ಪತ್ರ ಇನ್ನೂ ಉಳಿದಿದೆ. ಐದು ಶತಮಾನದ ಹಿಂದಿನ ರಸೀತಿ! ಗುಮಾಸ್ತನಾದ ನನಗೆ ಬಂದೂಕಿಗಿಂತ ಆ ರಸೀತಿಯ ಮೇಲೇ ಹೆಚ್ಚು ಪ್ರೀತಿ.

1861ಕ್ಕೆ ಅಮೆರಿಕದ ಅಂತರ್ಯುದ್ಧ ಶುರುವಾಯಿತಲ್ಲ, ಅದಕ್ಕೆ 1961ರಲ್ಲಿ ನೂರು ವರ್ಷ ತುಂಬುವುದಿತ್ತು. ಹಳೆಯ ಕಾಲದ ಉಡುಪು ತೊಟ್ಟು, ಹಳೆಯ ಆಯುಧ ಹಿಡಿದು ಆ ಇತಿಹಾಸವನ್ನು ಮೈದಾನದಲ್ಲಿ ಆಡಿ ತೋರಿಸಬೇಕೆಂಬ ಆಸೆ ಅಲ್ಲಿನ ಜನಕ್ಕೆ. ಆದರೆ ಅಸಲಿ ಕೋಲ್ಟುಗಳು ಅಪರೂಪ, ದುಬಾರಿ. 1851ರ ಮಾದರಿಯನ್ನಂತೂ ಮಾಡುವುದನ್ನು ಕಂಪನಿ ಯಾವಾಗಲೋ ನಿಲ್ಲಿಸಿತ್ತು. ಆಗ ಗಾರ್ದೋನೆಯ ಕುಶಲಕರ್ಮಿಗಳು ಹಳೆಯ ಪಿಸ್ತೂಲನ್ನು ಮುಂದಿಟ್ಟುಕೊಂಡು, ಅಳೆದು, ತದ್ರೂಪು ಮಾಡಿದರು. 1959ರಲ್ಲಿ ಆಲ್ಡೊ ಉಬೆರ್ಟಿ ಎಂಬುವರು ಶುರುಮಾಡಿದ ಕಾರ್ಖಾನೆ ಈ ಕೆಲಸದಲ್ಲಿ ಹೆಸರಾಯಿತು. ಆಮೇಲೆ ಪಿಯೆಟ್ಟಾ ಎಂಬ ಇನ್ನೊಂದು ಮನೆತನದ ಹೆಸರೂ ಸೇರಿತು. ಇವು ತಗಡಿನ ಆಟಿಕೆಗಳಲ್ಲ, ಗುಂಡು ಹಾರಿಸುವ ನಿಜವಾದ ಬಂದೂಕುಗಳೇ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ.

ಈ ತದ್ರೂಪಿನಲ್ಲಿ ಒಂದು ಸ್ವಾರಸ್ಯವಿದೆ. ಕಣ್ಣಿಗೆ ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣದು. ಆದರೆ ಅಸಲಿ ಕೋಲ್ಟಿನ ಮರದ ಹಿಡಿಯನ್ನು ಇಟಲಿಯ ಚೌಕಟ್ಟಿಗೆ ಹಾಕಹೊರಟರೆ ಬಹಳ ಸಲ ಕೂರುವುದಿಲ್ಲ. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಮ್ಮಿ. ಒಂದು ಕಾರ್ಖಾನೆಯದು ಇನ್ನೊಂದಕ್ಕೂ ಸರಿಹೋಗದು. ಅರದಿಂದ ಉಜ್ಜಿ ಉಜ್ಜಿ ಹೊಂದಿಸಬೇಕು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕು, ಎಲ್ಲವೂ ಯಂತ್ರದಲ್ಲೇ ಆಗಬೇಕು ಎಂದು ಹೊರಟವನು ಕೋಲ್ಟ್. ಅವನ ಪಿಸ್ತೂಲಿನಲ್ಲೂ ಮನುಷ್ಯನ ಕೈ ಬೇಡುವ ಜಾಗ ಎಂದರೆ ಕೈ ಹಿಡಿಯುವ ಜಾಗವೇ.

ಇನ್ನೊಂದು ಸ್ವಾರಸ್ಯ ನಮ್ಮ ಬ್ಯಾಂಕಿನವರಿಗೆ. ಗಾರ್ದೋನೆಯಲ್ಲಿ ಸರ್ಕಾರಿ ಮಾನ್ಯತೆಯ ಪರೀಕ್ಷಾ ಕೇಂದ್ರವಿದೆ. ಪ್ರತಿ ಬಂದೂಕನ್ನೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಜೊತೆಗೆ ಚೌಕದೊಳಗೆ ಪರೀಕ್ಷೆಯ ವರ್ಷದ ಗುರುತಕ್ಷರ. 1975ಕ್ಕೆ 'ಎ ಎ', 1976ಕ್ಕೆ 'ಎ ಬಿ', ಹೀಗೆ. ಆ ಕೇಂದ್ರದ ಹೆಸರು 'ಬಾಂಕೊ ನಾತ್ಸಿಯೊನಾಲೆ ದಿ ಪ್ರೋವಾ'. ಬಾಂಕೊ ಎಂದರೆ ಇಟಲಿಯ ಮಾತಿನಲ್ಲಿ ಬೆಂಚು, ಕೆಲಸದ ಮಣೆ. ಹಿಂದಿನ ಕಾಲದ ಹಣ ಬದಲಾಯಿಸುವವರು ಕೂರುತ್ತಿದ್ದ ಬೆಂಚೂ ಬಾಂಕೊವೇ. ನಮ್ಮ 'ಬ್ಯಾಂಕ್' ಪದ ಹುಟ್ಟಿದ್ದು ಅದರಿಂದ. ನಾನು ಮೂವತ್ತಾರು ವರ್ಷ ಕೂತದ್ದು ಅಂಥದೇ ಬೆಂಚಿನ ಮೇಲೆ, ಪರೀಕ್ಷೆ ಮಾಡಿ ಮುದ್ರೆ ಒತ್ತಿಕೊಂಡು!

ಮುದ್ರೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಮಕ್ಕಳೇ, ನಕಲು ಬೇರೆ, ಖೋಟಾ ಬೇರೆ. ನಿಮ್ಮ ಅಂಕಪಟ್ಟಿಯ ಜೆರಾಕ್ಸ್ ಮೇಲೆ 'ನಿಜ ಪ್ರತಿ' ಎಂದು ಮುದ್ರೆ ಒತ್ತಿಸುತ್ತೀರಲ್ಲ, ಅದು ನಕಲು. 'ನಾನು ಅಸಲಿ ಅಲ್ಲ' ಎಂದು ತಾನೇ ಹೇಳಿಕೊಳ್ಳುವ ಮರ್ಯಾದಸ್ಥ ಕಾಗದ. ಖೋಟಾ ನೋಟು ಹಾಗೆ ಹೇಳಿಕೊಳ್ಳುವುದಿಲ್ಲ. ತಾನೇ ಅಸಲಿ ಎಂದು ಎದುರಿನವರನ್ನು ನಂಬಿಸುತ್ತದೆ. ಇಟಲಿಯ ಪಿಸ್ತೂಲು ತನ್ನ ಮೈಮೇಲೆ ಮಾಡಿದವರ ಹೆಸರು, ದೇಶ, ಪರೀಕ್ಷೆಯ ಮುದ್ರೆ ಎಲ್ಲ ಹೊತ್ತಿರುತ್ತದೆ. ಅದು ಮರ್ಯಾದಸ್ಥ ನಕಲು.

ಇನ್ನು ವಂಶಾವಳಿಯಲ್ಲಿ ಅಪ್ಪ. ಅಪ್ಪ ಎಂದರೆ ಸಿನಿಮಾ. 1964ರಲ್ಲಿ ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆ ಅಮೆರಿಕದ ಕೌಬಾಯ್ ಕತೆಯನ್ನು ಸ್ಪೇನ್ ದೇಶದ ಒಣ ಬಯಲಿನಲ್ಲಿ ಚಿತ್ರಿಸಿದ. ನಾಯಕ ಕ್ಲಿಂಟ್ ಈಸ್ಟ್‌ವುಡ್. ಅವನ ರಿವಾಲ್ವರಿನ ಹಿಡಿಯ ಮೇಲೆ ಒಂದು ಬೆಳ್ಳಿಯ ಹಾವು. ಎರಡು ವರ್ಷದ ನಂತರದ ಇನ್ನೊಂದು ಚಿತ್ರದಲ್ಲಿ ಅವನ ಕೈಲಿರುವುದು ಬೇರೆ ಪಿಸ್ತೂಲು, 1851ರ ಮಾದರಿಯದು, ಇಟಲಿಯ ನಕಲು. ಹಿಡಿಯ ಮೇಲೆ ಮಾತ್ರ ಮತ್ತೆ ಅದೇ ಬಗೆಯ ಹಾವು. ಬಂದೂಕು ಬದಲಾದರೂ ನೋಡುವವರು ಹಿಡಿ ನೋಡಿ ನಾಯಕನನ್ನು ಗುರುತು ಹಿಡಿದರು.

ಆ ಗಾಳಿ ನಮ್ಮೂರಿಗೂ ಬೀಸಿತು. 1973ರಲ್ಲಿ ದ್ವಾರಕೀಶ್ ಅವರ 'ಕೌಬಾಯ್ ಕುಳ್ಳ' ಬಂತು. ಅದೇ ವರ್ಷ ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿಯವರು 'ಶೋಲೆ' ಚಿತ್ರೀಕರಣ ಶುರುಮಾಡಿದರು. 1975ರ ಆಗಸ್ಟ್ 15ಕ್ಕೆ ಅದು ತೆರೆ ಕಂಡಿತು. ಅದಾದ ಮೇಲಿನ ದೀಪಾವಳಿಗಳಲ್ಲಿ ಪಟಾಕಿ ಪಿಸ್ತೂಲು ಇಲ್ಲದ ಹುಡುಗನೇ ನಮ್ಮ ಬೀದಿಯಲ್ಲಿ ಇರಲಿಲ್ಲ. ಹೀಗೆ ಕೋಲ್ಟ್ ಮುತ್ತಾತ, ಗಾರ್ದೋನೆ ತಾತ, ಸಿನಿಮಾ ಅಪ್ಪ, ತಗಡಿನ ಪಿಸ್ತೂಲು ಮೊಮ್ಮಗ.

"ಹಾಗಾದ್ರೆ ನಂದು ನಕಲಾ, ಖೋಟಾನಾ?" ಎಂದ ಪುಟ್ಟ.

ನಾನು ಕಾದಿದ್ದ ಪ್ರಶ್ನೆ ಇದೇ. ಅವನಿಗೆ ಒಂದು ನಡೆದ ಸಂಗತಿ ಹೇಳಿದೆ. ನನ್ನ ಮಗಳಿಗೂ ಅದು ಗೊತ್ತಿರಲಿಲ್ಲ.

1986ರ ದೀಪಾವಳಿ ಕಳೆದ ವಾರ. ನಾನು ಆಗ ಕೆಲಸ ಮಾಡುತ್ತಿದ್ದ ಶಾಖೆಯಲ್ಲಿ ನಗದು ಕೌಂಟರಿನಲ್ಲಿದ್ದೆ. ಬಾಗಿಲಲ್ಲಿ ನಮ್ಮ ಗಾರ್ಡು. ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ನಾವೆಲ್ಲ ಹವಾಲ್ದಾರ್ರು ಎನ್ನುತ್ತಿದ್ದೆವು. ಅವರ ಕೈಲಿ ಜೋಡುನಳಿಗೆಯ ಕೋವಿ. ಮಧ್ಯಾಹ್ನ ಹನ್ನೆರಡರ ಹೊತ್ತು, ಜನ ತುಂಬಿದ್ದರು. ಇದ್ದಕ್ಕಿದ್ದಂತೆ ಗುಂಪಿನ ನಡುವಿನಿಂದ ಒಂದು ತೋಳು ಮೇಲೆದ್ದು ನನ್ನ ಕೌಂಟರಿನ ಕಡೆಗೆ ಚಾಚಿತು. ಕೈಲಿ ಕಪ್ಪು ರಿವಾಲ್ವರು. ಯಾರೋ ಹೆಂಗಸು ಕಿರುಚಿದರು. ಹವಾಲ್ದಾರರ ಕೋವಿ ಆಗಲೇ ಭುಜಕ್ಕೆ ಏರಿತ್ತು.

ಆ ಎರಡು ಕ್ಷಣ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಜನ ಸರಿದರು. ತೋಳಿನ ಆಚೆ ಇದ್ದದ್ದು ಹನ್ನೆರಡು ವರ್ಷದ ಹುಡುಗ. ತಂದೆಯ ಜೊತೆ ಬಂದವನು, ಸುಮ್ಮನೆ ಆಟಕ್ಕೆ ಹಾಗೆ ಮಾಡಿದ್ದ. ಹವಾಲ್ದಾರ್ರು ಕೋವಿ ಇಳಿಸಿದರು. ತೋಟಾ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನೀರು ಕೊಟ್ಟರೆ ಲೋಟ ಕೈಲಿ ನಿಲ್ಲಲಿಲ್ಲ. ಅಷ್ಟು ನಡುಗುತ್ತಿತ್ತು.

ಸಂಜೆ ಬಾಗಿಲು ಹಾಕಿದ ಮೇಲೆ ಕೇಳಿದೆ, "ಹವಾಲ್ದಾರ್ರೇ, ಹೇಗೆ ತಡೆದಿರಿ?"

"ಮೂತಿ ನೋಡಿದ್ರೆ ಹೊಡೆದೇ ಬಿಡ್ತಿದ್ದೆ ಸಾರ್. ಹಿಡಿ ನೋಡಿದೆ" ಎಂದರು. "ನಿಜವಾದ ರಿವಾಲ್ವರು ಒಂದು ಕೇಜಿ ಹತ್ತಿರ ತೂಗುತ್ತೆ. ಚಾಚಿದ ಕೈಯಲ್ಲಿ ಮಣಿಕಟ್ಟು ಬಿಗಿಯಾಗಿರಬೇಕು. ಆ ಮಣಿಕಟ್ಟು ಸಡಿಲ ಇತ್ತು, ಹಿಡಿ ಬೆರಳಲ್ಲಿ ಆಡ್ತಿತ್ತು. ತಗಡು ಅಂತ ಕೈ ಹೇಳ್ತು, ಕಣ್ಣು ಹೇಳಲಿಲ್ಲ." ಸ್ವಲ್ಪ ಸುಮ್ಮನಿದ್ದು, "ಇನ್ನೊಂದು ಚೂರು ಕತ್ತಲಿದ್ದಿದ್ರೆ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಅವರೇ ಆಗ ತಮ್ಮ ಮನೆಯ ಮಾತು ಹೇಳಿದರು. ಕೊಡವರಲ್ಲಿ ಕೋವಿ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಅದಕ್ಕೆ ಅವರಿಗೆ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಈಚೆಗೆ 2019ರಲ್ಲೂ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು, ದೇವರ ಕೋಣೆಯಲ್ಲಿಟ್ಟು ಪೂಜೆ. ಕೋವಿಯ ಮೂತಿಗೆ ತೋಕ್ ಪೂ ಸಿಗಿಸುತ್ತಾರೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ನಾವು ಅಗ್ನಿಶಿಖೆ ಎನ್ನುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂವು. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. "ಚಿಕ್ಕಂದಿನಲ್ಲಿ ಅವತ್ತು ಒಂದು ದಿನ ಮಾತ್ರ ನಮಗೆ ಕೋವಿ ಮುಟ್ಟೋಕೆ ಬಿಡ್ತಿದ್ರು. ಮನುಷ್ಯರ ಕಡೆ ಮೂತಿ ತಿರುಗಿದ್ರೆ, ಖಾಲಿ ಇದ್ರೂ ಸರಿ, ಬೆನ್ನ ಮೇಲೆ ಏಟು" ಎಂದು ಹವಾಲ್ದಾರ್ರು ನಕ್ಕರು. ನಗು ಪೂರ್ತಿ ಬರಲಿಲ್ಲ.

ಪುಟ್ಟ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ತಾನೇ ಹೇಳಿದ, "ನಂದು ಖೋಟಾ, ಅಲ್ವಾ ತಾತ? ಆ ಅಜ್ಜೀಗೆ ನಿಜ ಅನ್ನಿಸ್ತಲ್ಲ."

"ಇವತ್ತಿನವರೆಗೂ ಖೋಟಾ. ಸಂಜೆಯೊಳಗೆ ನಕಲು ಮಾಡೋಣ, ಬಾ" ಎಂದೆ.

ಹಳೇ ಯಲಹಂಕದಲ್ಲಿ ನನಗೆ ಗೊತ್ತಿರುವ ಆಚಾರ್ರು ಇದ್ದಾರೆ, ನನ್ನ ವಾರಿಗೆಯವರೇ. ಪಿಸ್ತೂಲು ತಿರುಗಿಸಿ ನೋಡಿ, ಒಡೆದ ಪ್ಲಾಸ್ಟಿಕ್ ಬಿಚ್ಚಿ ಪಕ್ಕಕ್ಕಿಟ್ಟರು. ತೇಗದ ಒಂದು ಚೂರು ಆರಿಸಿದರು. ಆಮೇಲೆ, "ಕೈ ಕೊಡು ಮಗಾ" ಎಂದು ಪುಟ್ಟನ ಅಂಗೈಯನ್ನು ದಾರದಿಂದ ಅಳೆದರು. ಅವನಿಗೆ ಆಶ್ಚರ್ಯ. "ಕುಡುಗೋಲಾಗಲಿ, ಗುದ್ದಲಿಯಾಗಲಿ, ಹಿಡಿಗೆ ಅಳತೆ ತಗೊಳ್ಳೋದು ಕೈಯಿಂದ" ಎಂದರು ಆಚಾರ್ರು.

ಮರ ಕೂರಿಸಿದ ರೀತಿ ನೋಡುವಂತಿತ್ತು. ತಗಡಿನ ಚೌಕಟ್ಟಿಗೆ ದೀಪದ ಮಸಿ ಸವರಿದರು. ಮರವನ್ನು ಅದಕ್ಕೆ ಒತ್ತಿ ತೆಗೆದರು. ಮರದಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಗುರುತು. ಅಷ್ಟನ್ನೇ ಉಳಿಯಿಂದ ಹೆರೆದರು. ಮತ್ತೆ ಒತ್ತಿದರು, ಮತ್ತೆ ಹೆರೆದರು. ಹತ್ತೆಂಟು ಸಲ. ಕೋವಿಗೆ ಮರ ಕೂರಿಸುವವರು ಹಿಂದಿನಿಂದಲೂ ಬಳಸುವ ಉಪಾಯ ಇದೇ. ಕೊನೆಗೆ ಹಿಡಿ ಚಕ್ ಎಂದು ಕೂತಿತು. ಬಾಗು ಅದೇ ಹಳೆಯ ಬಾಗು, ನೇಗಿಲ ಮೇಳಿಯದು.

ಹಿಡಿಯ ಒಂದು ಮಗ್ಗುಲಲ್ಲಿ ಪುಟ್ಟನೇ ಮೊಳೆ ಹಿಡಿದು ಸೊಟ್ಟಸೊಟ್ಟಗೆ 'ಆಟಿಕೆ' ಎಂದು ಕೊರೆದ. ಇನ್ನೊಂದು ಮಗ್ಗುಲಲ್ಲಿ ತನ್ನ ಹೆಸರು. ಅಮೆರಿಕದಲ್ಲಿ ಆಟಿಕೆ ಬಂದೂಕಿನ ಮೂತಿಗೆ ಎದ್ದು ಕಾಣುವ ಕಿತ್ತಳೆ ಬಣ್ಣ ಇರಲೇಬೇಕೆಂದು 1988ರಲ್ಲಿ ಕಾನೂನು ಮಾಡಿದರು ಎಂದು ಹೇಳಿದೆ. ಪೇಂಟಿನ ಅಂಗಡಿಯಿಂದ ಚಿಕ್ಕ ಡಬ್ಬಿ ತಂದೆವು. ಮೂತಿಗೆ ಬಳಿಯುವಾಗ ಪುಟ್ಟ, "ಕಿತ್ತಳೆ ಬೇಡ ತಾತ, ಕೆಂಪೂ ಹಳದೀನೂ ಹಾಕೋಣ. ತೋಕ್ ಪೂ ಥರ" ಎಂದ. ಹಾಗೇ ಆಯಿತು. ಸ್ವಲ್ಪ ನೆಲಕ್ಕೂ, ನನ್ನ ಪಂಚೆಗೂ ಆಯಿತು.

ಒಂದು ಕರಾರು ಮಾತ್ರ ಹಾಕಿದೆ. ಹೂವಿನ ಮೂತಿಯಾದರೂ ಮನುಷ್ಯರ ಕಡೆ, ಪ್ರಾಣಿಗಳ ಕಡೆ ತಿರುಗಬಾರದು. ಗುರಿ ಬೇಕಿದ್ದರೆ ತೆಂಗಿನ ಚಿಪ್ಪು ಇದೆ. ಇನ್ನೊಂದು ಕೆಲಸವನ್ನು ನಾನು ಹೇಳಲಿಲ್ಲ, ಅವನೇ ಮಾಡಿದ. ವಾಪಸ್ಸು ಹೋಗುವ ದಾರಿಯಲ್ಲಿ ಅರ್ಧ ಲೀಟರ್ ಹಾಲು ಕೊಡಿಸ್ಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದನಂತೆ.

ಮರುದಿನ ಅವನದೇ ಫೋನು. "ತಾತ, ಆ ಅಜ್ಜಿ ಬೈಲಿಲ್ಲ. ಪಿಸ್ತೂಲಿನ ಹಿಡಿ ಮುಟ್ಟಿ ನೋಡಿದ್ರು. ಆಮೇಲೆ ಒಳಗಿಂದ ಅವರ ಅತ್ತೆಯ ಕಾಲದ ಅಡಕತ್ತರಿ ತಂದು ತೋರಿಸಿದ್ರು. ಅದರ ಹಿಡೀಲಿ ಹೆಬ್ಬೆರಳು ಇಡೋ ಕಡೆ ಗುಳಿ ಬಿದ್ದಿದೆ. ನನ್ನ ಬೆರಳಿಗೆ ಆ ಗುಳಿ ದೊಡ್ಡದು. ಅಜ್ಜೀಗೆ ಸರಿಯಾಗಿದೆ!"

ಮಕ್ಕಳೇ, ಈ ವಾರ ನಿಮಗೂ ಇದೇ ಕೆಲಸ. ಮನೆಯಲ್ಲಿರುವ ಹಳೆಯ ಹಿಡಿಗಳನ್ನು ಹುಡುಕಿ. ಈಳಿಗೆಮಣೆ, ಸೌಟು, ಸುತ್ತಿಗೆ, ಕೊಡೆ, ಊರುಗೋಲು, ಯಾವುದಾದರೂ ಸರಿ. ಎಲ್ಲಿ ಸವೆದಿದೆ ನೋಡಿ, ಯಾರ ಕೈಯಲ್ಲಿ ಸವೆಯಿತು ಎಂದು ತಾತ ಅಜ್ಜಿಯನ್ನು ಕೇಳಿ. ತಾತ ಅಜ್ಜಿಯಂದಿರೇ, ಕೇಳಿದಾಗ 'ಅದೇನು ಮಹಾ' ಎನ್ನಬೇಡಿ. ಕತೆ ಪೂರ್ತಿ ಹೇಳಿ. ಹಾಗೆಯೇ ಮನೆಯಲ್ಲಿ ಆಟದ ಪಿಸ್ತೂಲಿದ್ದರೆ, ಇವತ್ತೇ ಅದರ ಮೂತಿಗೆ ಸ್ವಲ್ಪ ಬಣ್ಣ ಬಳಿಯಿರಿ.